ಅಪ್‌ಡೇಟ್: ಮುಟ್ಟು ನಿಂತ ಮೇಲಿನ ಉರಿ, ಈಗ ಹೇಗಿದ್ದೇನೆ

ಮುಟ್ಟು ನಿಂತು 3 ವರ್ಷ ಆಯ್ತು, ಕೆಳಗೆ ಒಣಗಿ ಉರಿಯುತ್ತದೆ, ಒಳಬಟ್ಟೆ ತಾಗಿದರೂ ನೋವು ಅಂತ ಎರಡು ತಿಂಗಳ ಹಿಂದೆ ಕೇಳಿದ್ದೆ ಅಲ್ವಾ. ಮೊದಲ ಡಾಕ್ಟರ್ ಪರೀಕ್ಷೆ ಮಾಡದೆ ಸುಮ್ನೆ ಫಂಗಸ್ ಮಾತ್ರೆ ಬರೆದರು, ಏನೂ ಆಗಲಿಲ್ಲ. ಇನ್ನೊಬ್ಬರು ನೋಡಿ, ಈಸ್ಟ್ರೋಜೆನ್ ಅನ್ನೋ ಹೆಣ್ಣಿನ ಹಾರ್ಮೋನ್ ಕಡಿಮೆಯಾಗಿ ಅಲ್ಲಿನ ಚರ್ಮ ತೆಳುವಾಗಿದೆ ಅಂದರು. ಅದೇ ಬಗೆಯ ಹಾರ್ಮೋನ್ ಇರುವ ಈಸ್ಟ್ರಿಯೋಲ್ ಕ್ರೀಮ್ ಕೊಟ್ಟರು, 2 ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ 2 ಸಲ. ಶುರುವಲ್ಲಿ ಹಚ್ಚಿದಾಗ ಚುರ್ ಅನ್ನುತ್ತಿತ್ತು, ಹೆದರಿದ್ದೆ. 5ನೇ ವಾರ ಒಂದು ಬೆಳಿಗ್ಗೆ ಮೂತ್ರಕ್ಕೆ ಹೋದಾಗ ಉರಿಯೇ ಇರಲಿಲ್ಲ, ಅಲ್ಲೇ ಕಣ್ಣು ತುಂಬಿ ಬಂತು. ಸೋಪು ಬಿಟ್ಟಿದ್ದೇನೆ, ಬರೀ ನೀರು. ಗಂಡನ ಜೊತೆ ಸೇರುವಾಗ ಒಣಗದ ಹಾಗೆ ಹಚ್ಚುವ ಜಾರು ಜೆಲ್ ಇನ್ನೂ ಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು ಡಾಕ್ಟರನ್ನು ಕೇಳದೆ ಈ ಕ್ರೀಮ್ ಹಚ್ಚಬೇಡಿ. "ವಯಸ್ಸಾಯ್ತು, ಸಹಿಸ್ಕೋ" ಅಂದಿದ್ದ ಅಕ್ಕನೂ ನಿನ್ನೆ ಡಾಕ್ಟರ್ ನಂಬರ್ ಕೇಳಿದಳು.