ಅಪ್‌ಡೇಟ್: 11 ಕೆವಿ ಯುಜಿ (ನೆಲದಡಿಯ) ಕೇಬಲ್ ಫಾಲ್ಟ್ ಸಿಕ್ಕಿತು

ನನ್ನ ಪ್ರಶ್ನೆ ಇಷ್ಟಿತ್ತು: 1,420 ಮೀಟರ್ ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ಇನ್ಸುಲೇಶನ್) ಕೇಬಲ್, ಅರ್ತ್ ಫಾಲ್ಟ್‌ನಲ್ಲಿ ಟ್ರಿಪ್, ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ಆರ್ ಫೇಸ್ ಬರೀ 3 ಮೆಗಾಓಮ್, ಆದರೆ ಟಿಡಿಆರ್‌ನಲ್ಲಿ (ಪಲ್ಸ್ ಬಿಟ್ಟು ಅದರ ಪ್ರತಿಧ್ವನಿಯಿಂದ ದೂರ ತೋರಿಸುವ ಉಪಕರಣ) ಮೂರೂ ಫೇಸ್ ಒಂದೇ ಗೆರೆ. ಫಾಲ್ಟ್ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಉತ್ತರ ಕೊಟ್ಟ ನೀವು ಹೇಳಿದ್ದೇ ಸರಿ. ಕೇಬಲ್ಲಿನ ಸರ್ಜ್ ಇಂಪೀಡೆನ್ಸ್ (ಓಡುವ ಪಲ್ಸಿಗೆ ಕೇಬಲ್ ತೋರುವ ತಡೆ) ಕೆಲವು ಹತ್ತು ಓಮ್ ಮಾತ್ರ, ಹಾಗಾಗಿ ಮೆಗಾಓಮ್ ಫಾಲ್ಟ್ ಟಿಡಿಆರ್‌ನ ಸಣ್ಣ ಪಲ್ಸಿಗೆ ಕಾಣುವುದೇ ಇಲ್ಲ. 12 ಕೆವಿ ಸರ್ಜ್ (ಕ್ಷಣಿಕ ವೋಲ್ಟೇಜ್ ಹೊಡೆತ) ಕೊಟ್ಟು, ಫಾಲ್ಟ್‌ನಲ್ಲಿ ಆರ್ಕ್ (ಕಿಡಿ) ಉರಿಯುತ್ತಿರುವಾಗಲೇ ಪಲ್ಸ್ ಬಿಟ್ಟಾಗ ಗೆರೆ 640 ಮೀಟರಿನಲ್ಲಿ ಕೆಳಕ್ಕೆ ಬಿತ್ತು.

ಅಲ್ಲೇ ಅಗೆದಿದ್ದರೆ ಕೆಟ್ಟಿತ್ತು. ಟಿಡಿಆರ್‌ನಲ್ಲಿ ಪಲ್ಸಿನ ವೇಗದ ಸೆಟ್ಟಿಂಗ್ 86 ಅಂತ ಇತ್ತು, ಅದರಲ್ಲಿ ಕೇಬಲ್ ತುದಿಯೇ 1,490 ಮೀಟರ್ ಎಂದು ಬರುತ್ತಿತ್ತು. ತುದಿ 1,420ಕ್ಕೆ ಕೂರುವ ಹಾಗೆ 82ಕ್ಕೆ ಇಳಿಸಿದೆವು; ಫಾಲ್ಟ್ 610ಕ್ಕೆ ಬಂತು. ಮೂವತ್ತು ಮೀಟರ್ ವ್ಯತ್ಯಾಸ!

ಆಮೇಲೆ ಸರ್ಜ್ ಕೊಡುತ್ತಾ ಫಾಲ್ಟ್‌ನ ಸದ್ದು ಹುಡುಕಿದೆವು. ನೆಲದ ಮೇಲೆ ಸದ್ದು ಜೋರಾಗಿ ಕೇಳಿದ್ದು ರಸ್ತೆ ದಾಟುವ ಪೈಪಿನ ಬಾಯಲ್ಲಿ. ಅದು ಮೋಸ, ಪೈಪು ಸದ್ದನ್ನು ಸಾಗಿಸುತ್ತದೆ. ಕಿವಿ ನಂಬದೆ, ಸರ್ಜ್‌ನ ಕಾಂತೀಯ ಸಿಗ್ನಲ್ ಮತ್ತು ಸದ್ದಿನ ನಡುವಿನ ಸಮಯ ಎಲ್ಲಿ ಅತಿ ಕಡಿಮೆ ಅಂತ ನೋಡಿದಾಗ ನಾಲ್ಕು ಮೀಟರ್ ಮುಂದೆ ಜಾಯಿಂಟ್ (ಎರಡು ಕೇಬಲ್ ತುಂಡು ಸೇರಿಸಿದ ಜಾಗ) ಸಿಕ್ಕಿತು.

ಬಿಚ್ಚಿದರೆ ಒಳಗೆ ತೇವ. ಸೆಮಿಕಾನ್ (ಇನ್ಸುಲೇಶನ್ ಮೇಲಿನ ಅರೆವಾಹಕ ಪದರ) ಸುಲಿದ ಅಂಚಿನಲ್ಲಿ ಸುತ್ತಲೂ ಚಾಕುವಿನ ಗೀರು, ಅಲ್ಲಿಂದ ಕನೆಕ್ಟರ್ ಕಡೆಗೆ ಬೇರಿನಂತೆ ಹರಡಿದ ಕಪ್ಪು ಗೆರೆ. ಜಾಯಿಂಟ್ ಮಾಡಿದವರ ಕೈ ತಪ್ಪು, ಕಿಟ್ಟಿನದಲ್ಲ.

ತೇವ ಹತ್ತಿದ ಭಾಗ ಕತ್ತರಿಸಿ, ಎರಡು ಮೀಟರ್ ಹೊಸ ತುಂಡು, ಎರಡು ಜಾಯಿಂಟ್. ಹಳೆ ಎಕ್ಸ್‌ಎಲ್‌ಪಿಇಗೆ ಡಿಸಿ ಹೈಪಾಟ್ (ಡಿಸಿ ಹೈ ವೋಲ್ಟೇಜ್ ಪರೀಕ್ಷೆ) ಬೇಡ, ಇನ್ಸುಲೇಶನ್ನಿನಲ್ಲಿ ಚಾರ್ಜ್ ಉಳಿದುಬಿಡುತ್ತದೆ. ಅದರ ಬದಲು 0.1 ಹರ್ಟ್ಸ್ ವಿಎಲ್‌ಎಫ್‌ನಲ್ಲಿ (ಅತಿ ಕಡಿಮೆ ಫ್ರೀಕ್ವೆನ್ಸಿಯ ಎಸಿ ಪರೀಕ್ಷೆ) 12.7 ಕೆವಿ, 30 ನಿಮಿಷ ತಡೆಯಿತು. ಫೀಡರ್ (ಈ ಕೇಬಲ್ ಲೈನ್) ಮತ್ತೆ ಚಾಲೂ ಆಗಿದೆ.