ಹಲಸಿನ ಹಲಗೆಯಲ್ಲಿ ಪುಸ್ತಕದ ಶೆಲ್ಫ್, 4 ಅಡಿ ಅಗಲ ಇಟ್ರೆ ತಡೆಯುತ್ತಾ?

ಸಾಗರದವನು:
ಎಲ್ರಿಗೂ ನಮಸ್ಕಾರ. ಹಳೇ ಮನೆ ಅಟ್ಟ ಬಿಚ್ಚಿದಾಗ ಹಲಸಿನ ಹಲಗೆ ಸಿಕ್ಕಿದಾವೆ, 1 ಇಂಚು ದಪ್ಪ, 9-10 ಇಂಚು ಅಗಲ, ಉದ್ದ 6 ಅಡಿ ಮೇಲೇನೇ ಇದೆ. ಅಪ್ಪನ ಪುಸ್ತಕ ಎಲ್ಲಾ ಟ್ರಂಕಲ್ಲಿ ಬಿದ್ದಿದಾವೆ, ಮಳೆಗಾಲ ಬಂತು ಅಂದ್ರೆ ಬೂಷ್ಟು, ನೋಡಕ್ಕೇ ಬೇಜಾರಾಗುತ್ತೆ. ಜಗಲಿ ಗೋಡೇಲಿ 4 ಅಡಿ ಜಾಗ ಇದೆ, ಮಧ್ಯ ಸಪೋರ್ಟ್ ಇಲ್ದೆ ಪೂರ್ತಿ 4 ಅಡಿಗೆ ಹಲಗೆ ಹಾಕ್ಬೋದಾ? ಆಚಾರ್ರು ಸಿಗ್ತಿಲ್ಲ, ನಾನೇ ಮಾಡ್ಬೇಕು. ಡ್ರಿಲ್, ಗರಗಸ, ಉಳಿ ಇದೆ. ಇಲ್ಲಾ ಪ್ಲೈವುಡ್ ತರೋದೇ ವಾಸಿನಾ?

ಮರಗೆಲಸ ಪ್ರಿಯ:
ಅಷ್ಟು ಒಳ್ಳೆ ಹಲಸು ಮನೇಲಿಟ್ಕೊಂಡು ಪ್ಲೈ ಯಾಕ್ರೀ ತರ್ತೀರ! ಆದ್ರೆ 4 ಅಡಿ ಬೇಡವೇ ಬೇಡ. ಮಾಮೂಲಿ ಡೆಮಿ ಸೈಜ್ ಕಾದಂಬರಿನೇ ಒಂದಡಿ ಸಾಲಿಗೆ 6-7 ಕೆಜಿ ತೂಗುತ್ತೆ, 4 ಅಡಿ ಅಂದ್ರೆ 25 ಕೆಜಿ ಹತ್ರ ಹತ್ರ, ಅದೂ ವರ್ಷಗಟ್ಟಲೆ ಅಲ್ಲೇ ಕೂತಿರುತ್ತೆ, ನಿಧಾನಕ್ಕೆ ಮಧ್ಯ ಬಾಗೇ ಬಾಗುತ್ತೆ. ಪುಸ್ತಕ ತುಂಬಿದ ಹಲಗೆ ಉದ್ದ ಡಬಲ್ ಮಾಡಿದ್ರೆ ಬಾಗೋದು ಡಬಲ್ ಅಲ್ಲ, 16 ಪಟ್ಟು. ಅದಕ್ಕೇ 2 ಅಡಿಯ ಎರಡು ಕಪಾಟು ಮಾಡಿ ಪಕ್ಕಪಕ್ಕ ನಿಲ್ಸಿ, ಒಬ್ರೇ ಎತ್ತಿ ಸರಿಸಕ್ಕೂ ಸುಲಭ. ಖಾನೆ ಎತ್ತರ 10 ಇಂಚು ಸಾಕು, ಡೆಮಿ ಪುಸ್ತಕ ಎಂಟೂವರೆ ಇಂಚು ಇರುತ್ತೆ, ಬೆರಳು ಹಾಕಿ ತೆಗೆಯಕ್ಕೆ ಜಾಗ ಸಿಗುತ್ತೆ. ಕೆಳಗಿನ ಖಾನೆ ಮಾತ್ರ 13 ಇಂಚು ಬಿಡಿ, ನಿಘಂಟು, ವಿಶೇಷಾಂಕ ಎಲ್ಲಾ ಅಲ್ಲಿ ಹೋಗುತ್ತೆ.

ತೀರ್ಥಹಳ್ಳಿ ಕಡೆಯೋರು:
ಮೊದ್ಲು ಹಲಗೆ ಚೆನ್ನಾಗಿ ನೋಡಿ ಮಾರಾಯ್ರೆ. ಹಲಸಿನ ಚೇಗು, ಅಂದ್ರೆ ಮರದ ಒಳಗಿನ ತಿರುಳು, ಗಟ್ಟಿ, ಗೆದ್ದಲು ಅಷ್ಟು ಬೇಗ ಹತ್ತಲ್ಲ, ಆದ್ರೆ ಅಂಚಲ್ಲಿರೋ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತೆ. ಸೂಜಿ ಮೊನೆಯಷ್ಟು ತೂತು ಇದ್ದು, ಹಲಗೆ ನಿಲ್ಸಿ ತಟ್ಟಿದ್ರೆ ಸಣ್ಣ ಹಿಟ್ಟು ಉದುರಿದ್ರೆ ಆ ಭಾಗ ಕುಯ್ದು ಬಿಸಾಕಿ, ಪುಸ್ತಕದ ಹತ್ರ ತರ್ಲೇಬೇಡಿ. ಹಳೇ ಮೊಳೆ ಎಲ್ಲಾ ಕಿತ್ತ ಮೇಲೇನೇ ತೋಪಡಾ (ಹಲಗೆ ನಯ ಮಾಡೋ ಉಪಕರಣ) ಹೊಡೀರಿ, ಇಲ್ದಿದ್ರೆ ಅದರ ಬ್ಲೇಡಿನ ಬಾಯಿ ಹೋಗುತ್ತೆ.
ಇನ್ನೊಂದು, ಈ ಕೆಲಸ ಮಳೇಲಿ ಮಾಡ್ಬೇಡಿ. ಆಷಾಢದಲ್ಲಿ ಬಾಗಿಲು ಹೇಗೆ ಚೌಕಟ್ಟಿಗೆ ಹಿಡ್ಕೊಳುತ್ತೆ ನೋಡಿದೀರಲ್ಲ, ಹಲಗೆ ಅಗಲಕ್ಕೆ ಉಬ್ಬುತ್ತೆ, ಬೇಸಿಗೇಲಿ ಕುಗ್ಗುತ್ತೆ. ಮನೆ ಒಳಗೇ ಮಧ್ಯ ಮಧ್ಯ ಪಟ್ಟಿ ಇಟ್ಟು ಪೇರಿಸಿ, ಶಿವರಾತ್ರಿ ಹೊತ್ತಿಗೆ ಶುರು ಮಾಡಿ. ಹಿಂದುಗಡೆ ಪೂರ್ತಿ ಮುಚ್ಚಬೇಡಿ, ನಮ್ಮ ಕಡೆ ಥಂಡಿಗೆ ಗಾಳಿ ಆಡ್ಬೇಕು. ಮೇಲೆ, ಮಧ್ಯ, ಕೆಳಗೆ 3 ಇಂಚಿನ ಅಡ್ಡಪಟ್ಟಿ ಸ್ಕ್ರೂ ಮಾಡಿದ್ರೆ ಪಕ್ಕಕ್ಕೆ ವಾಲಲ್ಲ.

ಸಾಗರದವನು:
ತುಂಬಾ ಉಪಕಾರ ಆಯ್ತು ಇಬ್ರಿಗೂ. 2 ಅಡಿದು ಎರಡು ಮಾಡ್ತೀನಿ. ಹಲಗೇನ ಪಕ್ಕದ ಹಲಗೆಗೆ ಬರೀ ಸ್ಕ್ರೂಲಿ ಕೂರ್ಸಿದ್ರೆ ಸಾಕಾ?

ಮರಗೆಲಸ ಪ್ರಿಯ:
ಬರೀ ಸ್ಕ್ರೂ ಬೇಡ, ಭಾರ ಎಲ್ಲಾ ಅದರ ಮೇಲೇ ಬೀಳುತ್ತೆ. ಎರಡೂ ಪಕ್ಕದ ಹಲಗೆ ಜೋಡಿಸಿಟ್ಟು ಒಟ್ಟಿಗೇ ಗೆರೆ ಹಾಕಿ, ಕಾಲಿಂಚು ಆಳ ಗ್ರೂವ್ ಹೊಡೆದು ಅದ್ರಲ್ಲಿ ಹಲಗೆ ಕೂರ್ಸಿ ಫೆವಿಕಾಲ್ ಹಾಕಿ, ಆಮೇಲೆ ಹೊರಗಿಂದ ಸ್ಕ್ರೂ. ಹಲಸು ಗಟ್ಟಿ ಮರ, ಮೊದ್ಲು ಸಣ್ಣ ತೂತು ಕೊರೀದೆ ಸ್ಕ್ರೂ ತಿರುಗಿಸಿದ್ರೆ ಅಂಚು ಸೀಳುತ್ತೆ. ಅಂಟು ಒಣಗೋ ಮುಂಚೆ ಮೂಲೆಯಿಂದ ಮೂಲೆಗೆ ಟೇಪ್ ಹಿಡೀರಿ, ಎರಡೂ ಕಡೆ ಒಂದೇ ಅಳತೆ ಬರ್ಬೇಕು, ಇಲ್ಲಾಂದ್ರೆ ಉದ್ದ ಬಂದ ಕಡೆಯಿಂದ ಮೆಲ್ಲಗೆ ಒತ್ತಿ ಸರಿ ಮಾಡಿ.

ತೀರ್ಥಹಳ್ಳಿ ಕಡೆಯೋರು:
ಕೆಳಗಿನ ಹಲಗೆ ನೆಲದಿಂದ 3 ಇಂಚು ಮೇಲಿರ್ಲಿ, ನೆಲ ಒರೆಸೋ ನೀರು ತಾಗಬಾರ್ದು. ಮಣ್ಣಿನ ಗೋಡೆ ಆದ್ರೆ 1 ಇಂಚು ಬಿಟ್ಟು ನಿಲ್ಸಿ, ಗೆದ್ದಲು ಮಣ್ಣಿನ ದಾರಿ ಕಟ್ಟಿದ್ರೆ ಟಾರ್ಚ್ ಹಾಕಿದ ತಕ್ಷಣ ಕಾಣುತ್ತೆ. ಮನೇಲಿ ಮಕ್ಕಳಿದ್ರೆ ಮೇಲ್ಗಡೆ ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗೀಲೇಬೇಕು, ಹತ್ತಕ್ಕೆ ಹೋಗ್ತಾರೆ.