ಪದಚರ್ಚೆ: ಜಪಾನಿ ಹಾಡಿನ ‘ಕೊಹಾರು ಬಿಯೋರಿ’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಜಪಾನಿ ಭಾಷೆಯ ‘ಕೊಹಾರು ಬಿಯೋರಿ’ಗೆ ಒಪ್ಪುವ ಕನ್ನಡದ ಮಾತು ಬೇಕಾಗಿದೆ. ಚಳಿ ಶುರುವಾದ ಮೇಲೆ ನಡುವೆ ಒಂದೆರಡು ದಿನ ಗಾಳಿ ತಣ್ಣಗೆ ಕೊರೆಯದೆ, ಆಕಾಶ ತಿಳಿಯಾಗಿ, ಬಿಸಿಲು ಮೈಗೆ ಹಿತವಾಗಿ ಬೀಳುತ್ತದಲ್ಲ, ಅಂಥ ದಿನಕ್ಕೆ ಅವರು ಇಟ್ಟ ಹೆಸರು ಇದು. ‘ಕೊ’ ಎಂದರೆ ಕಿರಿದು, ‘ಹಾರು’ ಎಂದರೆ ವಸಂತ, ‘ಬಿಯೋರಿ’ ಎಂದರೆ ಹವೆ, ಅದರಲ್ಲೂ ಒಳ್ಳೆಯ ಹವೆ. ಹಾಗೆಂದು ‘ಕಿರುವಸಂತ’ ಎಂದು ಬರೆದರೆ ನಮ್ಮ ಓದುಗರ ಮನಸ್ಸು ನೇರ ಯುಗಾದಿಗೆ, ಮಾವಿನ ಚಿಗುರಿಗೆ ಹೋಗಿಬಿಡುತ್ತದೆ. ಜಪಾನಿನಲ್ಲೇ ಎಷ್ಟೋ ಜನ ಇದನ್ನು ವಸಂತದ ಮಾತೆಂದು ತಪ್ಪಾಗಿ ಬಳಸುವುದುಂಟು.

ಈ ಮಾತು ಬಂದಿರುವುದು ಯಾಮಾಗುಚಿ ಮೊಮೊಎ ಹಾಡಿದ ‘ಕೊಸುಮೊಸು’ ಎಂಬ ಹಾಡಿನಲ್ಲಿ. ಹಳೆಯ ಜಪಾನಿ ಹಾಡುಗಳನ್ನು ಕೇಳುವ ಕೆಲವು ಗೆಳೆಯರಿಗಾಗಿ ಅವುಗಳ ಅರ್ಥವನ್ನು ಕನ್ನಡ ಗದ್ಯದಲ್ಲಿ ಬರೆದುಕೊಡುತ್ತಿದ್ದೇನೆ. ಉಳಿದ ಹಾಡುಗಳೆಲ್ಲ ಹೇಗೋ ದಾರಿಗೆ ಬಂದವು, ಇದು ಮಾತ್ರ ತಡೆದು ನಿಲ್ಲಿಸಿದೆ. ಮೊಮೊಎ ಅವರನ್ನು ಅರಿಯದವರಿಗಾಗಿ ಎರಡು ಮಾತು. 1959ರಲ್ಲಿ ಹುಟ್ಟಿದ ಆಕೆ 1973ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ ಮೊದಲ ಹಾಡಿನ ರೆಕಾರ್ಡ್ ತಂದರು. ಏಳೇ ವರ್ಷಗಳಲ್ಲಿ ನಾಡಿಗೆ ನಾಡೇ ಮೆಚ್ಚುವ ಗಾಯಕಿಯಾದರು. 1980ರ ಅಕ್ಟೋಬರ್ 5ರಂದು ತೋಕ್ಯೋದ ಬುದೋಕಾನ್ ಸಭಾಂಗಣದಲ್ಲಿ ಕೊನೆಯ ಕಛೇರಿ ಮುಗಿಸಿ, ಮೈಕನ್ನು ವೇದಿಕೆಯ ಮೇಲಿಟ್ಟು ಒಳಗೆ ನಡೆದರು. ಚಲನಚಿತ್ರಗಳಲ್ಲಿ ತಮಗೆ ಜೊತೆಯಾಗಿದ್ದ ನಟ ಮಿಯುರಾ ತೊಮೊಕಾಜು ಅವರನ್ನು ಮದುವೆಯಾದರು. ಆಗ ವಯಸ್ಸು 21. ಮತ್ತೆ ವೇದಿಕೆಗೆ ಬರಲಿಲ್ಲ.

‘ಕೊಸುಮೊಸು’ 1977ರ ಅಕ್ಟೋಬರಿನಲ್ಲಿ ಬಂದ ಹಾಡು. ಸಾಹಿತ್ಯ, ಸಂಗೀತ ಎರಡೂ ಸಾದಾ ಮಾಸಾಶಿ ಅವರದು. ನಾಳೆ ಮದುವೆಯಾಗಿ ಹೋಗಲಿರುವ ಮಗಳು ತಾಯಿಯನ್ನು ನೋಡುತ್ತಿದ್ದಾಳೆ. ಈಚೆಗೆ ಮಾತುಮಾತಿಗೆ ಕಣ್ಣು ತುಂಬಿಕೊಳ್ಳುವ ತಾಯಿ ಅಂಗಳದಲ್ಲಿ ಒಮ್ಮೆ ಕೆಮ್ಮುತ್ತಾಳೆ. ಜಗಲಿಯಲ್ಲಿ ಆಲ್ಬಮ್ ತೆರೆದು ಕುಳಿತು ಮಗಳ ಬಾಲ್ಯದ ಅದದೇ ಕಥೆಗಳನ್ನು ತನಗೆ ತಾನೇ ಎಂಬಂತೆ ಸಣ್ಣ ದನಿಯಲ್ಲಿ ಹೇಳುತ್ತಾಳೆ. ಸಾಮಾನು ಕಟ್ಟಲು ನಗುನಗುತ್ತ ನೆರವಾದವಳು ತಟ್ಟನೆ ಅತ್ತು, ಚೆನ್ನಾಗಿರು ಎಂದು ಮತ್ತೆ ಮತ್ತೆ ಹರಸುತ್ತಾಳೆ. ಇಂಥ ಕೊಹಾರು ಬಿಯೋರಿಯ ಶಾಂತ ದಿನ ಇನ್ನೂ ಸ್ವಲ್ಪ ಹೊತ್ತು ನಿನ್ನ ಮಗುವಾಗಿಯೇ ಇರಲು ಬಿಡು ಎಂದು ಮಗಳು ಕೇಳಿಕೊಳ್ಳುವಲ್ಲಿಗೆ ಹಾಡು ಮುಗಿಯುತ್ತದೆ. ಹದಿನೆಂಟರ ಹುಡುಗಿ ಇದನ್ನು ಹಾಡಿದ ರೀತಿಯನ್ನು ನೀವು ಕೇಳಲೇಬೇಕು. ಅಳುವ ಹಾಡನ್ನು ಅಳದೆ ಹಾಡಿದ್ದಾರೆ. ದನಿ ಎಲ್ಲಿಯೂ ನಡುಗುವುದಿಲ್ಲ.

ಹಾಡಿನ ಹೆಸರಿನದೇ ಒಂದು ಕಥೆ. ಅದನ್ನು ‘ಶರತ್ಕಾಲ’, ‘ಚೆರಿ’ ಎಂಬ ಎರಡು ಚಿತ್ರಾಕ್ಷರಗಳಲ್ಲಿ ಬರೆದಿದ್ದಾರೆ. ಅವನ್ನು ಓದಬೇಕಾದದ್ದು ‘ಅಕಿಜಾಕುರಾ’ ಎಂದು. ಹಾಡು ಬಂದು ಮನೆಮಾತಾದ ಮೇಲೆ ಅದೇ ಅಕ್ಷರಗಳನ್ನು ‘ಕೊಸುಮೊಸು’ ಎಂದೇ ಓದುವ ರೂಢಿ ಹರಡಿತು. ಅಂದರೆ ಮೆಕ್ಸಿಕೋ ಮೂಲದ ಕಾಸ್ಮಾಸ್ ಹೂವು. ಬರೆದದ್ದನ್ನೇ ಓದುವ ನಮ್ಮ ಲಿಪಿಯಲ್ಲಿ ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು ಕೊಡುವ ಈ ಅನುಕೂಲವಿಲ್ಲ. ‘ಶರತ್ಪುಷ್ಪ’ ಎಂದು ಟಂಕಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಅದನ್ನು ಯಾವ ಮಗಳೂ ಯಾವ ತಾಯಿಯ ಎದುರೂ ಆಡುವುದಿಲ್ಲ. ಕಾಸ್ಮಾಸ್ ಎಂದೇ ಬಿಡುತ್ತೇನೆ.

ಸಾದಾ ಅವರು ಮೊದಲು ಇಟ್ಟಿದ್ದ ಹೆಸರು ‘ಕೊಹಾರು ಬಿಯೋರಿ’ಯೇ. ನಿರ್ಮಾಪಕರ ಸಲಹೆಯಿಂದ ಅದು ಹೂವಿನ ಹೆಸರಾಯಿತು. ಹಾಗಾಗಿ ಈ ಒಂದು ಮಾತು ಸರಿಹೋಗದಿದ್ದರೆ ಹಾಡಿನ ಬೇರೇ ತಪ್ಪಿದಂತೆ.

ನನಗೆ ಹೊಳೆದದ್ದು ಇಷ್ಟು. ಹಳೆಯ ಚಾಂದ್ರಮಾನ ಪಂಚಾಂಗದ ಹತ್ತನೆಯ ತಿಂಗಳಿಗೆ ಜಪಾನಿನಲ್ಲಿ ‘ಕೊಹಾರು’ ಎಂಬ ಹೆಸರಿತ್ತು. ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ನಮ್ಮ ಕಾರ್ತಿಕ ಮಾಸಕ್ಕೇ ಬರುತ್ತದೆ: ದೀಪಾವಳಿ ಕಳೆದು, ಇಬ್ಬನಿ ಬಿದ್ದು, ಬೆಳಗಿನ ಹೊತ್ತು ಅಂಗಳದಲ್ಲಿ ನಿಂತು ಬಿಸಿಲು ಕಾಯಿಸುವ ಕಾಲ. ಬಿಸಿಲಿಗಂತೂ ನಮ್ಮಲ್ಲಿ ಮಾತುಗಳ ಬರವಿಲ್ಲ. ಎಳೆಬಿಸಿಲು ಬೆಳಗಿಗೆ ಸೇರಿದ್ದು. ಹೊಂಬಿಸಿಲಿನಲ್ಲಿ ಬಣ್ಣ ಮುಂದೆ, ಬಿಸುಪು ಹಿಂದೆ. ಹೂಬಿಸಿಲು ಮಾತ್ರ ಹಿತವನ್ನೇ ಹೇಳುತ್ತದೆ, ಜೊತೆಗೆ ತನ್ನೊಳಗೆ ಒಂದು ಹೂವನ್ನೂ ಇಟ್ಟುಕೊಂಡಿದೆ. ಹಾಡಿನಲ್ಲಿ ಮೊದಲು ಕಾಣುವುದೇ ಬಿಸಿಲಿನಲ್ಲಿ ತೂಗುವ ತಿಳಿಗೆಂಪು ಹೂವು. ‘ಕಾರ್ತಿಕದ ಹೂಬಿಸಿಲಿನ ದಿನ’ ಎಂದರೆ ಹೇಗೆ? ಮಲೆನಾಡಿನಲ್ಲಿ ಮಳೆ ಬಿಟ್ಟು ಬಾನು ತೆರೆದಾಗ ಹೊಳವಾಯಿತು ಎನ್ನುತ್ತಾರೆ. ‘ಬಿಯೋರಿ’ಯ ಅರ್ಥಕ್ಕೆ ಅದು ಹತ್ತಿರ, ಆದರೆ ಅದಕ್ಕೆ ಮಳೆ ಬೇಕು, ಇಲ್ಲಿರುವುದು ಚಳಿ. ‘ಕಾರ್ತಿಕ’ ಎಂದರೆ ಜಪಾನಿನ ಮನೆಯಲ್ಲಿ ನಮ್ಮ ದೀಪ ಹಚ್ಚಿದಂತಾಗುತ್ತದೆ ಎಂಬ ಆಕ್ಷೇಪ ಬರಬಹುದು. ನನಗೂ ಆ ಅಳುಕಿದೆ. ಆದರೂ ‘ಚಳಿಗಾಲದ ಆರಂಭದ’ ಎಂದು ಎಳೆಯುವುದಕ್ಕಿಂತ ಇದು ಮೇಲು ಎನಿಸುತ್ತದೆ. ಇಂಥದೇ ಹವೆಗೆ ಇಂಗ್ಲಿಷಿನಲ್ಲಿರುವ ‘ಇಂಡಿಯನ್ ಸಮ್ಮರ್’ ಹಿಡಿದು ಹೊರಟರಂತೂ ನಮ್ಮ ಓದುಗರ ಕಣ್ಣ ಮುಂದೆ ಏಪ್ರಿಲ್ ತಿಂಗಳ ರಾಯಚೂರು ನಿಲ್ಲುತ್ತದೆ.

ಇನ್ನು ಮೂರು ಸಣ್ಣ ಅನುಮಾನಗಳು. ತಾಯಿ ಕುಳಿತ ‘ಎಂಗಾವಾ’ವನ್ನು ಜಗಲಿ ಎಂದಿದ್ದೇನೆ. ಅದು ಕೋಣೆಗಳ ಅಂಚಿಗೆ, ಕೈತೋಟದ ಕಡೆಗೆ ಹಾಸಿದ ಹಲಗೆಯ ನೆಲ. ಬಂದವರನ್ನು ಕೂರಿಸುವ ನಮ್ಮ ಮುಂಬಾಗಿಲ ಜಗಲಿಯಷ್ಟು ಬಹಿರಂಗವಲ್ಲ. ಆದರೂ ಜಗಲಿಯನ್ನು ಬಿಡಲು ಮನಸ್ಸಿಲ್ಲ. ಎರಡನೆಯದು, ಕಷ್ಟ ಬಂದರೂ ಕಾಲವೇ ಅದನ್ನು ‘ವರಾಇಬನಾಶಿ’ (ನಗು ತರಿಸುವ ಕಥೆ) ಮಾಡುತ್ತದೆ, ಯೋಚಿಸಬೇಡ ಎಂದು ತಾಯಿ ನಗುತ್ತಾಳೆ. ‘ನಗೆಮಾತು’ ಹಗುರವಾಯಿತು, ‘ನಗೆಪಾಟಲು’ ಎಂದರೆ ಅವಮಾನವೇ ಆಯಿತು. ‘ನೆನೆದು ನಗುವ ಮಾತು’ ಎಂದು ಬರೆದಿದ್ದೇನೆ. ಮೂರನೆಯದು ‘ತವರು’. ಕೈ ತಾನಾಗಿ ಆ ಪದಕ್ಕೆ ಹೋಗುತ್ತದೆ, ನಮ್ಮ ಹೆಣ್ಣೊಪ್ಪಿಸುವ ಹಾಡುಗಳ ಅಭ್ಯಾಸ ಹಾಗಿದೆ. ಆ ಹಾಡುಗಳಲ್ಲಿ ಮಾತು ತವರಿನವರದು, ಹುಡುಗಿ ತಲೆತಗ್ಗಿಸಿ ನಿಂತಿರುತ್ತಾಳೆ. ಇಲ್ಲಿ ಮಾತು ಹುಡುಗಿಯದೇ, ಅವಳಿನ್ನೂ ಹೊರಟಿಲ್ಲ. ಇನ್ನೂ ಮನೆಯಾಗಿರುವುದನ್ನು ಅವಳ ಬಾಯಲ್ಲಿ ತವರು ಎನ್ನಿಸಲು ನನಗೆ ಇಷ್ಟವಿಲ್ಲದೆ ‘ಮನೆ’ ಎಂದೇ ಬರೆದೆ. ಹಿರಿಯರು ಏನೆನ್ನುತ್ತೀರಿ?

ಕೊನೆಗೆ ಆ ಹೂವು ತೂಗುವ ಜಾಗ. ‘ಹಿದಮಾರಿ’ ಎಂಬ ಪದ ಅಲ್ಲಿದೆ: ಗೋಡೆಯ ಮರೆಯಲ್ಲೋ ಅಂಗಳದ ಮೂಲೆಯಲ್ಲೋ ಬಿಸಿಲು ಬಂದು ನಿಂತು ಬೆಚ್ಚಗಾದ ಸ್ಥಳ. ಮಾಡಿನ ಸಂದಿನಿಂದ ಇಳಿಯುವುದಕ್ಕೆ ಬಿಸಿಲುಕೋಲು ಇದೆ, ನೆಲದ ಮೇಲೆ ನಿಂತದ್ದಕ್ಕೆ ನನಗೆ ಪದ ಸಿಕ್ಕಿಲ್ಲ. ಚಳಿಗಾಲದಲ್ಲಿ ಹಿರಿಯರು, ಬೆಕ್ಕುಗಳು ಹುಡುಕಿಕೊಂಡು ಹೋಗಿ ಕೂರುವ ಆ ಜಾಗಕ್ಕೆ ನಿಮ್ಮ ಊರಿನಲ್ಲಿ ಹೆಸರಿದ್ದರೆ, ಯಾವ ಕಡೆಯ ಮಾತು ಎಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿರಿ.